ಕಷ್ಟದ ಮೇಲಧಿಕಾರಿಯ ಕೈಕೆಳಗೆ ಕೆಲಸ ಮಾಡುವ ಬಗೆ

ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದೆ. ಆ ಅವಧಿಯಲ್ಲಿ ಐವರು ಮ್ಯಾನೇಜರುಗಳನ್ನು ಕಂಡೆ. ಅವರಲ್ಲಿ ಇಬ್ಬರ ಹೆಸರು ಕೇಳಿದರೆ ಇಂದಿಗೂ ಹೊಟ್ಟೆಯಲ್ಲಿ ಹಿಂಡಿದಂತಾಗುತ್ತದೆ. ಕೊನೆಯ ಏಳು ವರ್ಷ ಅದೇ ಕುರ್ಚಿಯಲ್ಲಿ ನಾನೇ ಕುಳಿತಿದ್ದೆನಾದ್ದರಿಂದ, ನನ್ನ ಹೆಸರು ಕೇಳಿದರೂ ಹಾಗಾಗುವವರು ಒಂದಿಬ್ಬರು ಇರಬಹುದು. ಆದುದರಿಂದ ಇದನ್ನು ಬೈಸಿಕೊಂಡವನೂ ಬೈದವನೂ ಆದ ಒಬ್ಬನ ಮಾತೆಂದು ತಿಳಿದು ಓದಬೇಕು. ನನ್ನ ಉದಾಹರಣೆಗಳೆಲ್ಲ ಲೆಕ್ಕದ ಮೇಜಿನವು. ಸಾಫ್ಟ್‌ವೇರ್ ಕಂಪನಿಯವರು, ಆಸ್ಪತ್ರೆಯವರು, ಶಾಲೆಯವರು ತಮ್ಮ ತಮ್ಮ ಕೆಲಸಕ್ಕೆ ಅವನ್ನು ಹೊಂದಿಸಿಕೊಳ್ಳಬಹುದು.

ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಒಂದೇ ಸಂಗತಿ. ಕಚೇರಿಯ ಸಂಕಟಗಳಲ್ಲಿ ಬಹುಪಾಲು ಬಾಯಿಮಾತಿನಲ್ಲಿ ಹುಟ್ಟುತ್ತವೆ, ಬಾಯಿಮಾತಿನಲ್ಲೇ ಬೆಳೆಯುತ್ತವೆ. ಅವು ಬರಹಕ್ಕೆ ಬಂದ ದಿನ ಅರ್ಧಕ್ಕರ್ಧ ಇಳಿಯುತ್ತವೆ, ಇಳಿಯದಿದ್ದರೆ ಕಡೇ ಪಕ್ಷ ಎಲ್ಲಿ ನಿಂತಿದ್ದೇವೆಂಬುದಾದರೂ ನಮಗೆ ತಿಳಿಯುತ್ತದೆ.

ಮೊದಲು ಮೂರು ವಾರ ಬರೆದಿಡಿ

"ನಮ್ಮ ಮ್ಯಾನೇಜರ್ ಸರಿಯಿಲ್ಲ" ಎನ್ನುವ ಒಂದು ಮಾತಿನೊಳಗೆ ನಾವು ಹಲವು ಸಂಗತಿಗಳನ್ನು ತುಂಬುತ್ತೇವೆ. ಒತ್ತಡ ತಾಳಲಾರದೆ ಕೂಗಾಡುವವರಿದ್ದಾರೆ. ನಿನ್ನೆ ಹೇಳಿದ್ದನ್ನು ಇಂದು ಹೇಳಲೇ ಇಲ್ಲವೆಂದು ಸಾಧಿಸುವವರಿದ್ದಾರೆ. ಹತ್ತು ಜನರಲ್ಲಿ ಒಬ್ಬರನ್ನೇ ಆರಿಸಿಕೊಂಡು ಹೀಯಾಳಿಸುವವರಿದ್ದಾರೆ. ಕಾನೂನಿಗೆ ಹೊರತಾದುದನ್ನು ನಮ್ಮ ಕೈಯಿಂದ ಮಾಡಿಸುವವರೂ ಇದ್ದಾರೆ. ಈ ನಾಲ್ವರಿಗೂ ಒಂದೇ ಮದ್ದು ನಾಟುವುದಿಲ್ಲ. ನಿಮ್ಮವರು ಯಾವ ಬಗೆಯವರೆಂಬುದನ್ನು ಸಿಟ್ಟಿನಲ್ಲಿದ್ದಾಗ ತೀರ್ಮಾನಿಸಲು ಹೋಗದೆ, ಮೂರು ವಾರ ಸುಮ್ಮನೆ ಬರೆದಿಡಿ.

ಬರೆಯುವುದಕ್ಕೆ ಒಂದು ಸಾಧಾರಣ ನೋಟ್‌ಬುಕ್ ಸಾಕು. ಅದನ್ನು ಮನೆಯಲ್ಲಿಡಿ, ಕಚೇರಿಯ ಕಂಪ್ಯೂಟರಿನಲ್ಲಾಗಲಿ ಕಚೇರಿ ಕೊಟ್ಟ ಫೋನಿನಲ್ಲಾಗಲಿ ಬೇಡ, ಏಕೆಂದರೆ ಅವು ಕಚೇರಿಯ ಸೊತ್ತು. ಪ್ರತಿ ಸಲವೂ ದಿನಾಂಕ, ಹೊತ್ತು, ಅವರಾಡಿದ ಮಾತು, ಹತ್ತಿರದಲ್ಲಿದ್ದವರು, ಆ ದಿನ ಬಾಕಿಯಿದ್ದ ಕೆಲಸ ಇವಿಷ್ಟನ್ನು ನಮೂದಿಸಬೇಕು. "ತುಂಬಾ ಕೆಟ್ಟದಾಗಿ ಮಾತನಾಡಿದರು" ಎಂದು ಬರೆದರೆ ಆರು ತಿಂಗಳ ನಂತರ ಅದು ನಿಮಗೇ ಅರ್ಥವಾಗುವುದಿಲ್ಲ. "‘ನಿಮಗೆ ಕೊಡೋ ಸಂಬಳ ದಂಡ’ ಎಂದರು, ಸ್ಟೋರ್ಸಿನ ಇಬ್ಬರು ಎದುರಿಗಿದ್ದರು, ಟಿಡಿಎಸ್ ಚಲನ್ ಬಾಕಿಯಿತ್ತು" ಎಂದು ಬರೆದರೆ ಅದು ಎಂದಿಗೂ ಉಳಿಯುತ್ತದೆ.

ನನ್ನ ಎರಡನೆಯ ಮ್ಯಾನೇಜರರ ವಿಷಯದಲ್ಲಿ ಹೀಗೆ ಬರೆದಿಟ್ಟಾಗ ಸಿಕ್ಕಿದ್ದು ಒಂದು ಪಂಚಾಂಗ. ಹದಿನಾಲ್ಕು ಸಲದ ಕೂಗಾಟದಲ್ಲಿ ಹನ್ನೊಂದು ಸಲ ಯಾವುದಾದರೂ ಒಂದು ಗಡುವಿನ ಹಿಂದಿನ ಎರಡು ದಿನಗಳಲ್ಲಿ ಬಿದ್ದಿತ್ತು. ಲೆಕ್ಕದವರಿಗೆ ತಿಂಗಳೆಂದರೆ ಗಡುವುಗಳ ಸರಮಾಲೆಯೇ: 7ನೇ ತಾರೀಕು ಟಿಡಿಎಸ್, ಅಂದರೆ ಮೂಲದಲ್ಲೇ ಕಡಿದುಕೊಂಡ ತೆರಿಗೆ, ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿಆರ್-3ಬಿ. ಕೊನೆಯದು ಒಂದು ದಿನ ತಡವಾದರೆ ಕಟ್ಟಬೇಕಾದ ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿ ಮಾತ್ರ. ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೇರೆ. ಆ ಐವತ್ತು ರೂಪಾಯಿಗಾಗಿ ಅವರು ಹಾಗೆ ಕಿರುಚುತ್ತಿರಲಿಲ್ಲ. ಸೋಮವಾರದ ಸಭೆಯಲ್ಲಿ ಮಾಲೀಕರು ಎಲ್ಲರೆದುರು "ಯಾಕೆ ತಡವಾಯಿತು" ಎಂದು ಕೇಳಿದರೆ ಉತ್ತರ ಕೊಡಬೇಕಾದವರು ಅವರಾಗಿದ್ದರು, ಆ ಉತ್ತರಕ್ಕೆ ಬೇಕಾದ ಅಂಕಿಸಂಖ್ಯೆಗಳೆಲ್ಲ ನನ್ನ ಬಳಿ ಇದ್ದವು, ನಾನು ಅವನ್ನು ಕೇಳುವ ತನಕ ಕೊಡುತ್ತಿರಲಿಲ್ಲ.

ಮುಂದಿನ ತಿಂಗಳಿಂದ 5, 9, 13 ಮತ್ತು 18ನೇ ತಾರೀಕುಗಳಂದು ಬೆಳಗ್ಗೆ ಅವರು ಬರುವ ಮೊದಲೇ ಅವರ ಮೇಜಿನ ಮೇಲೆ ಅರ್ಧ ಹಾಳೆಯ ಒಂದು ಚೀಟಿ ಇಡತೊಡಗಿದೆ. ಎಷ್ಟು ಮುಗಿದಿದೆ, ಎಷ್ಟು ಬಾಕಿ, ಯಾವ ಪಾರ್ಟಿಯ ಬಿಲ್ಲು ಬರಬೇಕಿದೆ, ನನ್ನ ಅಂದಾಜಿನಲ್ಲಿ ಯಾವ ದಿನ ಮುಗಿಯುತ್ತದೆ ಎಂಬ ನಾಲ್ಕು ಸಾಲು ಅದರಲ್ಲಿರುತ್ತಿತ್ತು. ಎರಡು ತಿಂಗಳಲ್ಲಿ ಕೂಗಾಟ ಮೂರನೆಯ ಒಂದು ಪಾಲಿಗೆ ಇಳಿಯಿತು. ಅವರೇನೂ ಒಳ್ಳೆಯವರಾಗಿಬಿಡಲಿಲ್ಲ; ಸ್ಟೋರ್ಸಿನವರ ಮೇಲೆ ಅದೇ ದನಿಯಲ್ಲಿ ಕೂಗುತ್ತಲೇ ಇದ್ದರು.

ಆದರೆ ನಿಮ್ಮ ಪುಸ್ತಕದಲ್ಲಿ ಯಾವ ಪಂಚಾಂಗವೂ ಕಾಣದೆ, ಕೆಲಸ ಹಗುರವಿದ್ದ ದಿನವೂ ಏಟು ಬಿದ್ದಿದ್ದರೆ, ಅದೂ ಸದಾ ನಿಮಗೆ ಮಾತ್ರ ಬಿದ್ದಿದ್ದರೆ, ಚೀಟಿ ಇಟ್ಟು ಪ್ರಯೋಜನವಿಲ್ಲ. ಅದು ಬೇರೆ ಬಗೆ; ಅದಕ್ಕೆ ಮುಂದೆ, ದೂರು ಬರೆಯುವ ಮಾತಿನಲ್ಲಿ, ಬರುತ್ತೇನೆ.

ಹೇಳಿಲ್ಲ ಎನ್ನುವವರಿಗೆ

ನನ್ನ ಪ್ರಕಾರ ಕೂಗಾಡುವವರಿಗಿಂತ ಅಪಾಯದವರು ಇವರು. ನಾಲ್ಕನೆಯ ಮ್ಯಾನೇಜರ್ ಎಂದೂ ದನಿ ಏರಿಸಿದವರಲ್ಲ. ಒಂದು ಬೆಳಗ್ಗೆ ನನ್ನ ಮೇಜಿನ ಬಳಿ ನಿಂತು, ಕಾಫಿ ಲೋಟ ಕೈಯಲ್ಲಿ ಹಿಡಿದು, ಜಾಬ್‌ವರ್ಕ್ ಮಾಡುವ ಪಾರ್ಟಿಯೊಂದರ ಮೂರು ಬಿಲ್ಲುಗಳಿಗೂ ದುಡ್ಡು ಕೊಟ್ಟುಬಿಡಿ ಎಂದರು. ಸರಕು ಬಂದು ಸೇರಿದ್ದಕ್ಕೆ ಸ್ಟೋರ್ಸಿನವರು ಕೊಡುವ ಜಿ.ಆರ್.ಎನ್. ಮೂರನೆಯ ಬಿಲ್ಲಿಗೆ ಬಂದಿರಲಿಲ್ಲ. ನಾನು ಅದನ್ನು ಹೇಳಿದಾಗ "ಬರುತ್ತೆ ಬಿಡ್ರೀ" ಎಂದು ನಡೆದರು. ಎರಡು ತಿಂಗಳ ನಂತರ ಆಡಿಟರ್ ಆ ಬಿಲ್ಲನ್ನು ಎತ್ತಿ ಹಿಡಿದಾಗ ಆದ ಮಾತು ಇಷ್ಟು.

"ಏನ್ರೀ ಇದು? ಜಿ.ಆರ್.ಎನ್. ಇಲ್ಲದೆ ಹೇಗೆ ಕೊಟ್ಟಿರಿ?"

"ಸಾರ್, ನೀವೇ ಅವತ್ತು..."

"ನಾನಾ? ನಾನು ನೋಡಿ ಕೊಡಿ ಅಂದಿದ್ದೆ."

ಆಡಿಟರ್ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ.

ಅಂದಿನಿಂದ ನಾನು ಮಾಡಿಕೊಂಡ ರೂಢಿ ಇದು: ಹಣ, ಗಡುವು, ಜವಾಬ್ದಾರಿ ಈ ಮೂರರಲ್ಲಿ ಯಾವುದಕ್ಕೆ ಸಂಬಂಧಿಸಿದ ಬಾಯಿಮಾತಿನ ಆದೇಶ ಬಂದರೂ ಒಂದು ಗಂಟೆಯೊಳಗೆ ಅದನ್ನು ಮೇಲ್‌ನಲ್ಲಿ ಅವರಿಗೇ ಮರಳಿಸುವುದು. ಕಚೇರಿಯಲ್ಲಿ ಇದನ್ನು ಇಂಗ್ಲಿಷಿನಲ್ಲೇ ಬರೆಯುತ್ತೇವಾದರೂ ಒಕ್ಕಣೆ ಹೀಗಿರುತ್ತದೆ:

"ಸಾರ್, ಇಂದು ಬೆಳಗ್ಗೆ ತಾವು ತಿಳಿಸಿದ ಮೂರು ಬಿಲ್ಲುಗಳ ಪೈಕಿ ಮೊದಲ ಎರಡಕ್ಕೆ, ಒಟ್ಟು 1,84,000 ರೂಪಾಯಿಗಳನ್ನು, ಇಂದು ಸಂಜೆ 5 ಗಂಟೆಗೆ ಪಾವತಿ ಮಾಡುತ್ತಿದ್ದೇನೆ. ಮೂರನೆಯದಕ್ಕೆ ಜಿ.ಆರ್.ಎನ್. ಬಾರದಿರುವುದರಿಂದ ಅದನ್ನು ತಡೆಹಿಡಿದಿದ್ದೇನೆ. ಅದನ್ನೂ ಇಂದೇ ಕೊಡಬೇಕೆಂದಿದ್ದರೆ ಈ ಮೇಲ್‌ಗೆ ಉತ್ತರವಾಗಿ ತಿಳಿಸಬೇಕೆಂದು ವಿನಂತಿ."

ಇದರಲ್ಲಿ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಮೊದಲನೆಯದಾಗಿ, ಇದು ದೂರಿನ ದನಿಯಲ್ಲಿಲ್ಲ. ಮುಂದಿನ ಕೆಲಸದ ಬಗ್ಗೆ ಮಾತ್ರ ಮಾತನಾಡುತ್ತದೆ. ಎರಡನೆಯದಾಗಿ, ಉತ್ತರ ಬಾರದಿದ್ದರೆ ನಾನೇನು ಮಾಡುತ್ತೇನೆಂಬುದು ಅದರಲ್ಲೇ ಇದೆ, ಆದ್ದರಿಂದ ಅವರ ಮೌನವೂ ಒಂದು ಉತ್ತರವಾಗುತ್ತದೆ. ಮೂರನೆಯದಾಗಿ, ಅದರ ಪ್ರತಿಯನ್ನು ಮಾಲೀಕರಿಗಾಗಲಿ ಎಚ್.ಆರ್.ಗಾಗಲಿ ಕಳಿಸಿಲ್ಲ. ಅನೇಕರು ಎಡವುವುದು ಇಲ್ಲಿಯೇ. ಮೇಲಿನವರಿಗೆ ಪ್ರತಿ ಹೋದ ಕೂಡಲೇ ಅದು ಕೆಲಸದ ಮೇಲ್ ಆಗಿ ಉಳಿಯದೆ ಯುದ್ಧದ ಕಹಳೆಯಾಗುತ್ತದೆ, ಮತ್ತು ಅದನ್ನು ಒಮ್ಮೆ ಊದಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗದು. ವಾಟ್ಸ್‌ಆ್ಯಪ್‌ನಲ್ಲೇ ಎಲ್ಲ ಆದೇಶಗಳೂ ಬರುವ ಕಚೇರಿಗಳಲ್ಲಿ ಅದರಲ್ಲೇ ಉತ್ತರಿಸಬಹುದು. ಆದರೆ ಕಳಿಸಿದವರು ಸಂದೇಶವನ್ನು ಅಳಿಸಲು ಅಲ್ಲಿ ಅವಕಾಶವಿರುವುದರಿಂದ ದಿನದ ಕೊನೆಗೆ ಎಲ್ಲವನ್ನೂ ಸೇರಿಸಿ ಒಂದು ಮೇಲ್ ಮಾಡುವುದು ಕ್ಷೇಮ.

ಇಂತಹ ಮೇಲ್ ಪಡೆಯುವವರಿಗೆ ಹೇಗನಿಸುತ್ತದೆಂಬುದೂ ನನಗೆ ಗೊತ್ತು. ನಾನು ಮ್ಯಾನೇಜರ್ ಆದ ಎರಡನೆಯ ವರ್ಷ, ಸೇರಿ ಆರು ತಿಂಗಳೂ ಆಗದ ಹುಡುಗಿಯೊಬ್ಬಳು ನನಗೆ ಇದೇ ಒಕ್ಕಣೆಯ ಮೇಲ್ ಕಳಿಸಿದಳು. ಓದಿ ಮೈಯೆಲ್ಲ ಉರಿಯಿತು. ನನ್ನನ್ನೇ ನಂಬುವುದಿಲ್ಲವೇ ಎನಿಸಿತು. ನಾಲ್ಕನೆಯವರ ಕಾಫಿ ಲೋಟ ನೆನಪಾದದ್ದು ಮಾರನೆಯ ದಿನ.

ಎಲ್ಲರೆದುರು ಕೂಗಿದಾಗ

ಆ ಹೊತ್ತಿನಲ್ಲಿ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. ಹತ್ತು ಜನರೆದುರು ಕೂಗುತ್ತಿರುವವರಿಗೆ ನಿಮ್ಮ ಸಮಜಾಯಿಷಿ ಬೇಕಿರುವುದಿಲ್ಲ. ಅವರು ಆ ಹತ್ತು ಜನರಿಗೆ ಏನನ್ನೋ ತೋರಿಸುತ್ತಿರುತ್ತಾರೆ. ಅಳು ಬಂದರೆ ಎದ್ದು ಹೋಗಿ ಮುಖ ತೊಳೆದು ಬನ್ನಿ, ಅದರಲ್ಲಿ ಸಣ್ಣತನವೇನೂ ಇಲ್ಲ. ಎದ್ದು ಹೋಗುವಂತಿಲ್ಲದಿದ್ದರೆ ಪೆನ್ನು ಹಾಳೆ ತೆಗೆದುಕೊಂಡು ಅವರು ಹೇಳುತ್ತಿರುವುದರಲ್ಲಿ ಕೆಲಸಕ್ಕೆ ಸಂಬಂಧಿಸಿದ್ದನ್ನಷ್ಟೇ ಬರೆಯುತ್ತಾ ಹೋಗಿ. ಬರೆಯುತ್ತಿರುವವರ ಮೇಲೆ ಬಹಳ ಹೊತ್ತು ಕೂಗುವುದು ಕಷ್ಟ. ಉಸಿರೆಳೆದುಕೊಳ್ಳಲು ಅವರು ನಿಂತಾಗ, "ಸಾರ್, ಇವತ್ತು ಮೊದಲು ಮುಗಿಸಬೇಕಾದ್ದು ಯಾವುದು, ಬ್ಯಾಂಕ್ ತಾಳೆಯೋ ಜಿಎಸ್‌ಟಿಯೋ?" ಎಂಬಂತಹ, ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಯನ್ನು ಕೇಳಿ.

ಆದರೆ ಅಷ್ಟಕ್ಕೇ ಬಿಟ್ಟರೆ ಅದು ರೂಢಿಯಾಗುತ್ತದೆ. ಒಂದೆರಡು ದಿನ ಕಳೆದ ಮೇಲೆ, ಗಡುವಿನ ಬಿಸಿಯಿಲ್ಲದ ಹೊತ್ತು ನೋಡಿ, ಹತ್ತು ನಿಮಿಷ ಬೇಕೆಂದು ಕೇಳಿ ಅವರ ಕ್ಯಾಬಿನ್ನಿನಲ್ಲಿ ಕುಳಿತು ಮಾತನಾಡಿ. ಕೂಗಾಡುತ್ತಿದ್ದ ಆ ಎರಡನೆಯ ಮ್ಯಾನೇಜರರಿಗೆ ನಾನು ಹೀಗೆ ಹೇಳಿದ ಮಾತು ಇಂದಿಗೂ ಬಾಯಿಪಾಠವಾಗಿದೆ, ಏಕೆಂದರೆ ಹಿಂದಿನ ರಾತ್ರಿ ಹೆಂಡತಿಯೆದುರು ಐದು ಸಲ ಹೇಳಿ ರೂಢಿಸಿಕೊಂಡಿದ್ದೆ: "ಸಾರ್, ತಪ್ಪಾಗಿದ್ದರೆ ಬೈಯಿರಿ, ಬೇಡ ಅನ್ನೋದಿಲ್ಲ. ಒಳಗೆ ಕರೆದು ಹೇಳಿ. ಸ್ಟೋರ್ಸಿನ ಹುಡುಗರೆದುರು ಬೈದರೆ ನಾಳೆ ನಾನು ಬಿಲ್ಲು ಕೇಳೋಕೆ ಹೋದಾಗ ಅವರು ನನ್ನ ಮಾತು ಕೇಳೋದಿಲ್ಲ, ಕೆಲಸ ನಿಲ್ಲುತ್ತೆ." ಅವರು ಕ್ಷಮೆ ಕೇಳಲಿಲ್ಲ. "ನೋಡೋಣ" ಎಂದರು. ನಂತರದ ತಿಂಗಳುಗಳಲ್ಲಿ ನನ್ನನ್ನು ಒಳಗೆ ಕರೆದೇ ಬೈದರು. ನನ್ನ ಅವಮಾನದ ಮಾತಿಗಿಂತ ಕೆಲಸ ನಿಲ್ಲುತ್ತದೆಂಬ ಮಾತು ಅವರಿಗೆ ತಟ್ಟಿತ್ತು ಎಂದೇ ನನ್ನ ಎಣಿಕೆ.

ಸಣ್ಣಪುಟ್ಟ ಕಿರಿಕಿರಿಗಳು

ನಿಮ್ಮ ಕೆಲಸವನ್ನು ತಮ್ಮದೆಂದು ಹೇಳಿಕೊಳ್ಳುವ ಮೇಲಧಿಕಾರಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸ್ವಲ್ಪ ಮಟ್ಟಿಗೆ ಅದು ಎಲ್ಲ ಕಚೇರಿಗಳಲ್ಲೂ ಇರುವುದೇ. ವರದಿಯ ಕೆಳಗೆ "ತಯಾರಿಸಿದವರು" ಎಂದು ನಿಮ್ಮ ಹೆಸರು ಹಾಕುವುದನ್ನು ರೂಢಿ ಮಾಡಿಕೊಳ್ಳಿ, ವರ್ಷಾಂತ್ಯದ ಅಪ್ರೈಸಲ್ ನಮೂನೆಯಲ್ಲಿ ನೀವು ಮಾಡಿದ್ದನ್ನು ಅಂಕಿಗಳ ಸಮೇತ ಬರೆಯಿರಿ. ಹೆಜ್ಜೆ ಹೆಜ್ಜೆಗೂ ಬಂದು ಇಣುಕುವವರಿಗೆ ಅವರು ಕೇಳುವುದಕ್ಕಿಂತ ಹೆಚ್ಚು ಮಾಹಿತಿಯನ್ನು, ಕೇಳುವ ಮೊದಲೇ, ದಿನಕ್ಕೆ ಎರಡು ಸಲ ಕೊಟ್ಟು ನೋಡಿ. ಬಹುತೇಕರಿಗೆ ಹದಿನೈದು ದಿನಗಳಲ್ಲಿ ಸಾಕಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಸಂದೇಶ ಕಳಿಸುವವರಿಗೆ ಮಾರನೆಯ ದಿನ ಬೆಳಗ್ಗೆ ಎಂಟಕ್ಕೆ ಸರಿಯಾಗಿ, ಪೂರ್ತಿಯಾಗಿ ಉತ್ತರಿಸಿ, ಪ್ರತಿ ಸಲವೂ ಅದೇ ಹೊತ್ತಿಗೆ. ಒಮ್ಮೆ ರಾತ್ರಿಯೇ ಉತ್ತರಿಸಿದಿರೋ, ಆ ಬಾಗಿಲು ಮತ್ತೆ ಮುಚ್ಚುವುದಿಲ್ಲ.

ನಿಮ್ಮ ಹೆಸರಿನಲ್ಲಿ ಆಗಕೂಡದ್ದು

ಇಲ್ಲಿ ಮಾತ್ರ ಹೊಂದಾಣಿಕೆಯ ಮಾತಿಲ್ಲ. ತಾರೀಕು ಹಿಂದಕ್ಕೆ ಹಾಕಿ ಒಂದು ವೋಚರ್ ಬರೆಯಿರಿ, ಬಾರದ ಸರಕಿಗೆ ಬಂದಿದೆಯೆಂದು ಸಹಿ ಹಾಕಿ, ನಿಮ್ಮ ಪಾಸ್‌ವರ್ಡ್ ಕೊಡಿ ನಾನೇ ಮಾಡಿಕೊಳ್ಳುತ್ತೇನೆ ಎಂಬ ಮಾತುಗಳು ಸಾಮಾನ್ಯವಾಗಿ ಬಹಳ ಸ್ನೇಹದ ದನಿಯಲ್ಲಿ ಬರುತ್ತವೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ನಮೂದಿನ ತಿದ್ದುಪಡಿಯೂ ದಿನಾಂಕದ ಸಮೇತ ದಾಖಲಾಗಬೇಕು, ಎಡಿಟ್ ಲಾಗ್ ಎನ್ನುವ ಆ ದಾಖಲೆಯನ್ನು ಆಫ್ ಮಾಡಲು ಬರಬಾರದು ಎಂಬ ನಿಯಮ ಜಾರಿಯಲ್ಲಿದೆ. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಹೇಳಬೇಕಾಗುತ್ತದೆ. ಆ ದಾಖಲೆಯಲ್ಲಿ ಕಾಣುವುದು ಲಾಗಿನ್ ಆದವರ ಹೆಸರು. ಯಾರು ಹೇಳಿ ಮಾಡಿಸಿದರು ಎಂಬ ಕಾಲಂ ಅದರಲ್ಲಿಲ್ಲ.

ಇಂತಹ ಸಂದರ್ಭದಲ್ಲಿ ನೀತಿ ಬೋಧನೆ ಮಾಡದೆ ನಿರಾಕರಿಸುವ ದಾರಿಯೆಂದರೆ ಯಂತ್ರವನ್ನೂ ಆಡಿಟರನ್ನೂ ಮುಂದೆ ಮಾಡುವುದು: "ಸಾರ್, ಹಿಂದಿನ ತಾರೀಕಿಗೆ ಹಾಕಿದರೆ ಎಡಿಟ್ ಲಾಗ್‌ನಲ್ಲಿ ಬರುತ್ತೆ, ಆಡಿಟರ್ ಕೇಳ್ತಾರೆ. ಇವತ್ತಿನ ತಾರೀಕಿಗೇ ಹಾಕಿ ವಿವರಣೆ ಬರೆಯಲೇ?" ಅದಕ್ಕೂ ಒಪ್ಪದಿದ್ದರೆ ಮೇಲ್‌ನಲ್ಲಿ ಬರೆದು ಕೊಡಲು ಕೇಳಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಸಲ ಆ ಮೇಲ್ ಬರುವುದಿಲ್ಲ, ವಿಷಯ ಅಲ್ಲಿಗೇ ನಿಲ್ಲುತ್ತದೆ. ಹತ್ತನೆಯದು ಬಂದರೆ ಆ ಕೆಲಸ ಮಾಡಲಿಕ್ಕೆ ಅದು ಪರವಾನಗಿಯಲ್ಲ. ಅದನ್ನು ಹಿಡಿದು ಮೇಲಿನವರ ಬಳಿಗೆ ಹೋಗುವ ಕಾಲ ಬಂದಿದೆ ಎಂದರ್ಥ.

ದೂರು ಬರೆಯುವುದು

ಎಚ್.ಆರ್. ವಿಭಾಗವನ್ನು ತವರುಮನೆಯೆಂದು ತಿಳಿದು ಹೋಗಿ ನಿರಾಶರಾದವರನ್ನು ಬಹಳ ಕಂಡಿದ್ದೇನೆ. ಅವರು ಸಂಸ್ಥೆಯ ಹಿತ ಕಾಯಲು ಸಂಬಳ ಪಡೆಯುವವರು. ಅದರಲ್ಲಿ ತಪ್ಪಿಲ್ಲ, ಆದರೆ ಅದನ್ನು ತಿಳಿದುಕೊಂಡೇ ಹೋಗಬೇಕು. "ಅವರು ಒರಟು, ನನಗೆ ನೋವಾಗುತ್ತದೆ" ಎಂದರೆ ಅವರು ಸಹಾನುಭೂತಿಯಿಂದ ತಲೆಯಾಡಿಸಿ, ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತೇವೆ ಎನ್ನುತ್ತಾರೆ, ಅಂದು ಸಂಜೆಯೇ ಅದು ಮ್ಯಾನೇಜರರ ಕಿವಿ ಮುಟ್ಟುತ್ತದೆ. ಅದರ ಬದಲು ಒಂದೇ ಒಂದು ಪುಟ ಬರೆಯಿರಿ. ಆ ಮೂರು ವಾರಗಳ, ಅಥವಾ ಅಷ್ಟು ಹೊತ್ತಿಗೆ ಮೂರು ತಿಂಗಳಾಗಿರುವ, ಪುಸ್ತಕದಿಂದ ನಾಲ್ಕೈದು ಘಟನೆಗಳನ್ನು ದಿನಾಂಕ, ಮಾತು, ಸಾಕ್ಷಿಗಳ ಸಮೇತ ಆರಿಸಿ. ಅದರಿಂದ ಕೆಲಸಕ್ಕೆ ಏನು ನಷ್ಟವಾಯಿತೆಂದು ಹೇಳಿ. ನಿಮಗೇನು ಬೇಕೆಂದು ಕೊನೆಯಲ್ಲಿ ಖಚಿತವಾಗಿ ಬರೆಯಿರಿ. ಬೇರೆ ವಿಭಾಗಕ್ಕೆ ವರ್ಗವೇ, ಕೆಲಸದ ಆದೇಶಗಳು ಬರಹದಲ್ಲಿ ಬರಬೇಕೆಂದೇ, ಅಪ್ರೈಸಲ್ಲನ್ನು ಇನ್ನೊಬ್ಬರೂ ನೋಡಬೇಕೆಂದೇ? ಏನೂ ಕೇಳದ ದೂರಿಗೆ ಯಾರೂ ಏನೂ ಕೊಡಲಾರರು.

ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ "ನಾವೂ ನಿಮ್ಮ ಜೊತೆ ಇದ್ದೇವೆ" ಎನ್ನುತ್ತಾರೆ. ಸಾಕ್ಷಿ ಹೇಳುವ ದಿನ ಅವರಲ್ಲಿ ಎಷ್ಟು ಮಂದಿ ಬರುತ್ತಾರೆಂಬುದನ್ನು ಅವರ ಮನೆಯ ಸಾಲದ ಕಂತು ತೀರ್ಮಾನಿಸುತ್ತದೆ. ಅದಕ್ಕಾಗಿ ಅವರನ್ನು ದ್ವೇಷಿಸಬೇಡಿ, ಆದರೆ ಅವರ ಮೇಲೆ ಭಾರ ಹಾಕಿ ದೂರನ್ನೂ ಕಟ್ಟಬೇಡಿ.

ಕಾನೂನು ಎಲ್ಲಿಯವರೆಗೆ

ಒರಟು ಮಾತು, ಪಕ್ಷಪಾತ, ಮುಖ ಸಿಂಡರಿಸುವುದು ಇವಕ್ಕೆಲ್ಲ ನೇರವಾಗಿ ಒಂದು ಕಾಯ್ದೆ ನಮ್ಮಲ್ಲಿಲ್ಲ. ಆದರೆ ಕೆಲವು ಗೆರೆಗಳಿವೆ, ಅವು ಎಲ್ಲಿವೆಯೆಂದು ತಿಳಿದಿರಬೇಕು.

ಮೇಲಧಿಕಾರಿಯ ವರ್ತನೆಯಲ್ಲಿ ಲೈಂಗಿಕ ಕಿರುಕುಳ ಇದ್ದರೆ ಮಹಿಳೆಯರಿಗೆ 2013ರ ಕಾಯ್ದೆಯ ರಕ್ಷಣೆಯಿದೆ. ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ಕೊಟ್ಟ ಮಾರ್ಗಸೂಚಿಗಳೇ ಅದಕ್ಕೆ ತಳಹದಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸ್ಥಳದಲ್ಲೂ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷರು ಮಹಿಳೆಯೇ ಆಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡವಾದುದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಇತರರೆದುರು ಜಾತಿಯ ಕಾರಣಕ್ಕೆ ಹೀಯಾಳಿಸಿದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ, ಅದು ಎಚ್.ಆರ್. ಕೋಣೆಯಲ್ಲಿ ಮಾತನಾಡಿ ಮುಗಿಸುವ ವಿಷಯವಲ್ಲ.

ಕೆಲಸದ ಗಂಟೆಗಳ ಮಾತಿಗೆ ಬಂದರೆ, ಕರ್ನಾಟಕದ ಅಂಗಡಿ ಮತ್ತು ಕಚೇರಿಗಳಿಗೆ ಅನ್ವಯಿಸುವ 1961ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕುತ್ತದೆ. ಆರು ತಿಂಗಳಿಗೆ ಕಡಿಮೆಯಿಲ್ಲದೆ ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆದುಹಾಕುವಂತಿಲ್ಲ ಎಂದೂ ಅದು ಹೇಳುತ್ತದೆ. ನಿರ್ವಹಣಾ ಹುದ್ದೆಯಲ್ಲಿರುವವರು ಈ ಕಾಯ್ದೆಯ ಹೊರಗಿರುವುದರಿಂದ, ನಿಮ್ಮ ಆದೇಶಪತ್ರದಲ್ಲಿ ನಿಮ್ಮನ್ನು ಏನೆಂದು ಕರೆದಿದ್ದಾರೆ, ನೀವು ನಿಜವಾಗಿ ಮಾಡುತ್ತಿರುವುದೇನು ಎಂಬುದನ್ನು ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ಒಮ್ಮೆ ತೋರಿಸುವುದು ಒಳಿತು. ಐಟಿ ಕ್ಷೇತ್ರದವರಿಗೆ ಬೆಂಗಳೂರಿನಲ್ಲಿ ಕೆ.ಐ.ಟಿ.ಯು. ಎಂಬ ನೌಕರರ ಸಂಘವೂ ಇದೆ.

ಸರ್ಕಾರಿ ನೌಕರರ ಚಿಂತೆ ಬೇರೆ. ಅಲ್ಲಿ ಮೇಲಧಿಕಾರಿಯ ಅಸ್ತ್ರವೆಂದರೆ ವಾರ್ಷಿಕ ಕಾರ್ಯನಿರ್ವಹಣಾ ವರದಿ. ಅದರಲ್ಲಿ ಬರೆದ ಪ್ರತಿಯೊಂದು ಅಭಿಪ್ರಾಯವನ್ನೂ ನೌಕರರಿಗೆ ತಿಳಿಸಬೇಕು, ಅದರ ವಿರುದ್ಧ ಮನವಿ ಸಲ್ಲಿಸಲು ಅವಕಾಶ ಕೊಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2008ರ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಆದುದರಿಂದ ವರದಿಯ ಪ್ರತಿ ನಿಮ್ಮ ಕೈಗೆ ಬಂದಿಲ್ಲವೆಂದರೆ ಬರಹದಲ್ಲಿ ಕೇಳಿ ಪಡೆಯಿರಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಕೋಣೆಗೆ ಕರೆದು, ಹಾಳೆ ಮುಂದಿಟ್ಟು, "ಈಗಲೇ ರಾಜೀನಾಮೆ ಬರೆದುಕೊಟ್ಟರೆ ನಿಮ್ಮ ಹೆಸರು ಕೆಡುವುದಿಲ್ಲ" ಎಂದರೆ ಅಲ್ಲೇ ಸಹಿ ಹಾಕಬೇಡಿ. "ಮನೆಯಲ್ಲಿ ಮಾತನಾಡಿ ನಾಳೆ ತಿಳಿಸುತ್ತೇನೆ" ಎಂದು ಎದ್ದು ಬನ್ನಿ. ರಾಜೀನಾಮೆ ಬರೆದ ಮೇಲೆ ತೆಗೆದುಹಾಕಿದರು ಎಂದು ಸಾಧಿಸುವುದು ಬಹಳ ಕಷ್ಟ.

ಮೈ ಮತ್ತು ಮನೆ

ಭಾನುವಾರ ಸಂಜೆ ಆರಾಗುತ್ತಲೇ ನನಗೆ ಎದೆಯುರಿ ಶುರುವಾಗುತ್ತಿತ್ತು. ಎರಡು ವರ್ಷ ಅದನ್ನು ಮಸಾಲೆದೋಸೆಯ ಮೇಲೆ ಹೊರಿಸಿದೆ. ನಿದ್ದೆ ಬಾರದಿರುವುದು, ಮಕ್ಕಳ ಮೇಲೆ ವಿನಾಕಾರಣ ರೇಗುವುದು, ಕಚೇರಿಯ ಗೇಟು ಕಂಡೊಡನೆ ಎದೆ ಡವಡವಿಸುವುದು ಇವು ನಾಲ್ಕಾರು ವಾರ ಬಿಡದೆ ಇದ್ದರೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು, ಮತ್ತು ನಮ್ಮ ನಿಮ್ಹಾನ್ಸ್ ಅದಕ್ಕೆ ಮಾರ್ಗದರ್ಶನ ನೀಡುವ ಸಂಸ್ಥೆ.

ಮನೆಯವರಿಗೆ ಎಲ್ಲವನ್ನೂ ದಿನವೂ ಹೇಳುವುದಕ್ಕೆ ನಾನು ವಿರೋಧಿ. ರಾತ್ರಿ ಊಟದ ಹೊತ್ತಿನಲ್ಲಿ ಮ್ಯಾನೇಜರ್ ನಮ್ಮ ಮನೆಯ ಐದನೆಯ ಸದಸ್ಯರಂತೆ ಬಂದು ಕೂರುತ್ತಿದ್ದ ಕಾಲವೊಂದಿತ್ತು. ಆಮೇಲೆ ಹೆಂಡತಿಯೇ ಒಂದು ಕಟ್ಟಳೆ ಮಾಡಿದಳು: ಕಚೇರಿಯ ಮಾತು ಏನಿದ್ದರೂ ಕಾಫಿ ಕುಡಿದು ಮುಗಿಸುವ ತನಕ, ಆಮೇಲೆ ಇಲ್ಲ. ನೋಟ್‌ಬುಕ್ ಅಷ್ಟು ಹೊತ್ತಿಗೆ ಇದ್ದೇ ಇತ್ತಾದ್ದರಿಂದ ಉಳಿದದ್ದು ಅದರೊಳಗೆ ಹೋಯಿತು.

ಬಿಡುವುದಾದರೆ ಲೆಕ್ಕ ಹಾಕಿ ಬಿಡಿ

ಆರು ತಿಂಗಳು ಇವೆಲ್ಲವನ್ನೂ ಮಾಡಿ ನೋಡಿದ ಮೇಲೂ ಪುಸ್ತಕದ ಪುಟಗಳು ಹಾಗೆಯೇ ತುಂಬುತ್ತಿದ್ದರೆ ಬೇರೆ ಕೆಲಸ ಹುಡುಕುವುದು ಸೋಲಲ್ಲ. ಆದರೆ ಬೈಸಿಕೊಂಡ ದಿನವೇ ಕಾಗದ ಎಸೆದು ಬರಬಾರದು. ಮೊದಲು ಆದೇಶಪತ್ರ ತೆಗೆದು ನೋಟಿಸ್ ಅವಧಿ ಎಷ್ಟೆಂದು ನೋಡಿ. ಆಮೇಲೆ ಸೇವೆಯ ಅವಧಿ ಎಣಿಸಿ: ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕಂಪನಿ ಕೊಡುವ ಇಡುಗಂಟು, ಸಿಗುವುದು ಐದು ವರ್ಷ ತುಂಬಿದ ಮೇಲೆ. ಲೆಕ್ಕಕ್ಕೆ ಬರುವ ಕೊನೆಯ ಮಾಸಿಕ ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಬಂದುದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಆ ವೇತನ 40,000 ರೂಪಾಯಿ ಇದ್ದವರಿಗೆ ಐದು ವರ್ಷಕ್ಕೆ ಸುಮಾರು 1,15,000 ರೂಪಾಯಿ ಆಗುತ್ತದೆ. ನಾಲ್ಕು ವರ್ಷ ತುಂಬಿ ಐದನೆಯದರ ಕೊನೆಯಲ್ಲಿರುವವರು ಆ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡರೆ ಉಳಿದ ತಿಂಗಳುಗಳು ಸ್ವಲ್ಪ ಸುಲಭವಾಗಿ ಕಳೆಯುತ್ತವೆ. ಇದನ್ನು ಮಾಡಿ ನೋಡಿದವರನ್ನು ಬಲ್ಲೆ. ಪಿಎಫ್ ಹಣ ತೆಗೆಯಲು ಹೋಗದೆ ಅದೇ ಯುಎಎನ್ (ಪಿಎಫ್ ಖಾತೆದಾರರ ಗುರುತಿನ) ಸಂಖ್ಯೆಯಲ್ಲಿ ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ.

ರಾಜೀನಾಮೆ ಪತ್ರದಲ್ಲಿ ಕಾರಣ ಬರೆಯುವ ಅಗತ್ಯವಿಲ್ಲ. ಬಿಡುತ್ತಿದ್ದೇನೆ, ಕೊನೆಯ ದಿನ ಇಂಥದ್ದು ಎಂಬ ಎರಡು ಸಾಲು ಸಾಕು. ಕೆಲಸ ಒಪ್ಪಿಸುವಾಗ ಏನೇನು ಯಾರಿಗೆ ಒಪ್ಪಿಸಿದಿರೆಂಬ ಪಟ್ಟಿಯನ್ನು ಮೇಲ್ ಮಾಡಿ, ನಿಮ್ಮ ಲಾಗಿನ್‌ಗಳನ್ನು ಮುಚ್ಚಬೇಕೆಂದು ಅದರಲ್ಲೇ ಕೋರಿ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಲೆಕ್ಕದ ವಿವರ ಈ ಮೂರೂ ಕೈಗೆ ಬರುವ ತನಕ ಯಾರೊಡನೆಯೂ ಜಗಳ ಬೇಡ. ಬಂದ ಮೇಲೂ ಬೇಡವೆಂದೇ ನನ್ನ ಅಭಿಪ್ರಾಯ, ಪೀಣ್ಯ ಬಹಳ ಸಣ್ಣ ಊರು.

ಹೊಸ ಕಡೆಯ ಸಂದರ್ಶನದಲ್ಲಿ ಹಳೆಯ ಮೇಲಧಿಕಾರಿಯ ಬಗ್ಗೆ ಒಂದಕ್ಷರವೂ ಆಡದೆ, ಕೆಲಸದ ಬಗೆ ಬದಲಿಸಬೇಕೆನಿಸಿತು ಎಂದಷ್ಟೇ ಹೇಳಿ. "ನಿಮಗೇನಾದರೂ ಕೇಳುವುದಿದೆಯೇ?" ಎಂದು ಅವರು ಕೇಳುತ್ತಾರೆ, ಆಗ ಸಂಬಳದ ಮಾತಿಗೂ ಮೊದಲು, ಈ ಜಾಗದಲ್ಲಿ ನನಗಿಂತ ಹಿಂದೆ ಇದ್ದವರು ಎಷ್ಟು ವರ್ಷ ಇದ್ದರು, ಅವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಬಡ್ತಿ ಪಡೆದು ಪಕ್ಕದ ವಿಭಾಗಕ್ಕೆ ಹೋಗಿದ್ದಾರೆ ಎಂದರೆ ಒಂದು ಬಗೆ. ಎರಡು ವರ್ಷದಲ್ಲಿ ಮೂವರು ಬದಲಾಗಿದ್ದಾರೆಂದು ಅವರೇ ಒಪ್ಪಿಕೊಂಡರೆ, ಅಥವಾ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಕ್ಯಾಂಟೀನಿನ ಊಟ ಚೆನ್ನಾಗಿದೆ ಎಂದು ಹೇಳತೊಡಗಿದರೆ, ಆ ಊಟ ಮಾಡದೆಯೇ ಮನೆಗೆ ಬನ್ನಿ.